ಕೋಸಗಿ: ನಮ್ಮ ಊರಿನ ಪರಿಚಯ

ದೂರದೇಶಗಳ ವಿಷಯವನ್ನು ನಮ್ಮ ಮಕ್ಕಳು ಪಾಠಪುಸ್ತಕಗಳಲ್ಲಿ ಓದುತ್ತಾರೆ. ಗಂಗಾನದಿಯು ಎಲ್ಲಿ ಹುಟ್ಟುವುದು, ಹಿಮಾಲಯದ ಶಿಖರಗಳಲ್ಲಿ ಅತಿ ಎತ್ತರವಾದುದು ಯಾವುದು ಎಂದು ಕೇಳಿದರೆ ತಡವರಿಸದೆ ಉತ್ತರ ಹೇಳಬಲ್ಲ ಹುಡುಗನು, ತನ್ನ ಊರಿನ ಮುಂದೆ ರೈಲುಹಾದಿ ಹಾಕಿದುದು ಯಾವಾಗ, ತನ್ನ ತಂದೆ ಬೆಳೆದ ಹತ್ತಿಯು ಎಲ್ಲಿಗೆ ಹೋಗಿ ಏನಾಗುವುದು, ತಾನು ಮನೆಯಲ್ಲಿ ಆಡುವ ಮಾತು ಕಚೇರಿಯ ಮಾತು ಏಕಲ್ಲ ಎಂದು ಕೇಳಿದರೆ ಸುಮ್ಮನಾಗುತ್ತಾನೆ. ಈ ತಪ್ಪು ಅವನದಲ್ಲ. ಹೇಳಿಕೊಡಬೇಕಾದ ಹಿರಿಯರಾದ ನಮ್ಮದು. ಆದುದರಿಂದ ಈ ಸಂಚಿಕೆಯಲ್ಲಿ ನಾವು ನಮ್ಮ ಕೋಸಗಿಯ ವಿಷಯವಾಗಿಯೇ ನಾಲ್ಕು ಮಾತುಗಳನ್ನು ಬರೆಯಲು ಹೊರಟಿದ್ದೇವೆ. ಊರನ್ನು ಹೊಗಳುವುದು ನಮ್ಮ ಉದ್ದೇಶವಲ್ಲ. ಇದು ಹೀಗೇಕಿದೆ, ಇದರ ಮಕ್ಕಳ ಓದಿಗೆ ಅಡ್ಡಿಯಾಗಿರುವುದು ಯಾವುದು ಎಂಬುದನ್ನು ತಿಳಿದುಕೊಳ್ಳುವುದೇ ಉದ್ದೇಶ.

ಊರಿನ ನೆಲೆ

ಕೋಸಗಿಯು ಆಂಧ್ರಪ್ರದೇಶದ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಆದವಾನಿ ಪಟ್ಟಣಕ್ಕೆ ಉತ್ತರ ದಿಕ್ಕಿನಲ್ಲಿ ಸುಮಾರು ೩೦ ಕಿಲೋಮೀಟರು ದೂರದಲ್ಲಿದೆ. ಇನ್ನೂ ಉತ್ತರಕ್ಕೆ ಹೋದರೆ ತುಂಗಭದ್ರೆ. ಅದನ್ನು ದಾಟಿದರೆ ರಾಯಚೂರು ಜಿಲ್ಲೆ, ಎಂದರೆ ಕರ್ನಾಟಕ ರಾಜ್ಯ. ಸರಕಾರದ ಕಾಗದಗಳಲ್ಲಿ ಊರಿನ ಹೆಸರು ಕೋಸಿಗಿ ಎಂದು; ಕನ್ನಡಿಗರ ಬಾಯಲ್ಲಿ ಕೋಸಗಿ. ತೆಲಂಗಾಣ ರಾಜ್ಯದಲ್ಲಿಯೂ ಇದೇ ಬಗೆಯ ಹೆಸರಿನ ಒಂದು ಊರು ಇರುವುದರಿಂದ, ಪತ್ರ ಬರೆಯುವವರು ಆದವಾನಿಯ ಹೆಸರನ್ನು ಸೇರಿಸಿ ಬರೆಯುವುದು ಒಳ್ಳೆಯದು. ೧೯೮೫ರಲ್ಲಿ ಆಂಧ್ರಪ್ರದೇಶದಲ್ಲಿ ಹಳೆಯ ತಾಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದಾಗ ಕೋಸಗಿಯು ಒಂದು ಮಂಡಲದ ಮುಖ್ಯ ಸ್ಥಳವಾಯಿತು. ೨೦೨೨ರಲ್ಲಿ ಕರ್ನೂಲು ಜಿಲ್ಲೆಯನ್ನು ವಿಭಾಗಿಸಿ ನಂದ್ಯಾಲವನ್ನು ಬೇರೆ ಜಿಲ್ಲೆಯನ್ನಾಗಿ ಮಾಡಿದರೂ ನಮ್ಮ ಭಾಗವು ಕರ್ನೂಲಿನಲ್ಲಿಯೇ ಉಳಿಯಿತು.

ಊರಿಗೆ ರೈಲು ಬಂದುದು ಬಹು ಹಿಂದೆ. ಮದರಾಸಿನಿಂದ ಹೊರಟ ಹಾದಿಯೂ ಮುಂಬಯಿಯಿಂದ ಹೊರಟ ಹಾದಿಯೂ ೧೮೭೧ರಲ್ಲಿ ರಾಯಚೂರಿನಲ್ಲಿ ಕೂಡಿಕೊಂಡವು. ಆ ಮಹಾಮಾರ್ಗದಲ್ಲಿ ಗುಂತಕಲ್ಲಿಗೂ ರಾಯಚೂರಿಗೂ ನಡುವೆ ಬರುವ ನಿಲ್ದಾಣಗಳಲ್ಲಿ ಕೋಸಗಿಯೂ ಒಂದು. ನಮಗೆ ಉತ್ತರದಲ್ಲಿರುವ ಮಂತ್ರಾಲಯಂ ರೋಡ್ ನಿಲ್ದಾಣಕ್ಕೆ ಹಿಂದೆ ತುಂಗಭದ್ರಾ ಎಂಬ ಹೆಸರೇ ಇದ್ದಿತು. ಶ್ರೀ ರಾಘವೇಂದ್ರ ತೀರ್ಥರು ೧೬೭೧ರಲ್ಲಿ ಬೃಂದಾವನಸ್ಥರಾದ ಮಂಚಾಲೆಯೇ ಇಂದಿನ ಮಂತ್ರಾಲಯ. ಆ ಗ್ರಾಮವನ್ನು ಅವರಿಗೆ ದತ್ತಿಯಾಗಿ ಕೊಟ್ಟವನು ಆದವಾನಿಯಲ್ಲಿ ಬಿಜಾಪುರದ ಅಧಿಕಾರಿಯಾಗಿದ್ದ ಸಿದ್ದಿ ಮಸೂದ್ ಖಾನನೆಂದು ಪರಂಪರೆಯು ಹೇಳುತ್ತದೆ. ಮಂತ್ರಾಲಯಕ್ಕೆ ಹೋಗುವ ಸಾವಿರಾರು ಯಾತ್ರಿಕರು ನಮ್ಮ ನಿಲ್ದಾಣವನ್ನು ದಾಟಿಯೇ ಹೋಗುತ್ತಾರೆ. ಆದರೆ ಅವರಲ್ಲಿ ಇಲ್ಲಿ ಇಳಿಯುವವರು ವಿರಳ.

ಕಲ್ಲು, ಮಣ್ಣು, ಮಳೆ

ರೈಲಿನ ಕಿಟಕಿಯಿಂದ ನೋಡುವವರ ಕಣ್ಣಿಗೆ ಮೊದಲು ಬೀಳುವುದು ನಮ್ಮ ಕಡೆಯ ಬಂಡೆಗುಡ್ಡಗಳು. ಯಾರೋ ಎತ್ತಿ ಒಂದರ ಮೇಲೊಂದು ಹೇರಿಟ್ಟಂತೆ ಕಾಣುವ ಈ ಬಂಡೆಗಳನ್ನು ಯಾರೂ ಹೇರಿಟ್ಟಿಲ್ಲ. ಇವು ಸುಮಾರು ೨೫೦ ಕೋಟಿ ವರ್ಷಗಳ ಹಿಂದೆ ಭೂಗರ್ಭದಲ್ಲಿ ಕರಗಿದ್ದ ಶಿಲಾದ್ರವವು ಆರಿ ಗಟ್ಟಿಯಾಗಿ ಆದ ಕಣಶಿಲೆಗಳು. ಅಂತಹ ಶಿಲೆಯಲ್ಲಿ ಉದ್ದಕ್ಕೂ ಅಡ್ಡಕ್ಕೂ ಬಿರುಕುಗಳಿರುತ್ತವೆ. ಬಿರುಕುಗಳೊಳಗೆ ನೀರು ಇಳಿದು, ಬಿಸಿಲಿಗೆ ಕಾದು, ರಾತ್ರಿ ತಣಿದು, ಅಂಚುಗಳು ಸವೆದು ಪುಡಿಯಾಗುತ್ತವೆ. ಆ ಪುಡಿಯನ್ನು ಮಳೆಯು ಕೊಚ್ಚಿಕೊಂಡು ಹೋಗುತ್ತದೆ. ಗಟ್ಟಿಯಾದ ನಡುಭಾಗವು ಮಾತ್ರ ಗುಂಡುಗುಂಡಾಗಿ ಉಳಿಯುತ್ತದೆ. ಕೋಸಗಿಯ ಬಳಿ ರೈಲುಹಾದಿಗೆ ಸಮೀಪದಲ್ಲಿ ಹೀಗೆ ಉಳಿದ ಜೋಡಿ ಕಲ್ಲುಕಂಬಗಳನ್ನು ಜನರು ಅಕ್ಕತಂಗಿಯರೆಂದು ಕರೆದರು. ಭೂಶಾಸ್ತ್ರವು ಹೇಳುವುದು ಒಂದು ಬಗೆ, ಅಜ್ಜಿಯರು ಹೇಳುವುದು ಮತ್ತೊಂದು ಬಗೆ. ಎರಡನ್ನೂ ಮಕ್ಕಳು ಕೇಳಿಕೊಳ್ಳಲಿ.

ಗುಡ್ಡಗಳ ಕೆಳಗೆ ಎರಡು ಬಗೆಯ ನೆಲವಿದೆ. ಕಲ್ಲು ಸವೆದು ಆದ ಕೆಂಪು ಮಸಾರಿ ಒಂದು. ಕರಿಯ ಎರೆಯ ಹೊಲ ಇನ್ನೊಂದು. ಮಸಾರಿಯು ಮಳೆ ಬಿದ್ದ ಕೂಡಲೆ ಬಿತ್ತನೆಗೆ ಒದಗುವುದು, ಆದರೆ ಬೇಗ ಒಣಗುವುದು. ಶೇಂಗಾ, ಸಜ್ಜೆ, ನವಣೆಗಳು ಅದಕ್ಕೆ ಒಗ್ಗುತ್ತವೆ. ಎರೆಯು ನೀರನ್ನು ಕುಡಿದು ಬಹುಕಾಲ ಹಿಡಿದಿಟ್ಟುಕೊಳ್ಳುವುದು. ಆದುದರಿಂದ ಅಲ್ಲಿ ಹತ್ತಿ, ಜೋಳ, ಕಡಲೆಗಳು ಬರುತ್ತವೆ. ಮುಂಗಾರು ಕೈಕೊಟ್ಟರೂ ಹಿಂಗಾರಿನಲ್ಲಿ ಒಂದು ಹದವಾದ ಮಳೆ ಬಿದ್ದರೆ ಎರೆಹೊಲದವನು ಕಡಲೆ ಬಿತ್ತಿ ಕೈಗೆ ನಾಲ್ಕು ಕಾಸು ಕಾಣಬಹುದು. ಮಸಾರಿಯವನಿಗೆ ಆ ಭರವಸೆಯಿಲ್ಲ.

ಮಳೆಯ ಮಾತಂತೂ ಎಲ್ಲರಿಗೂ ಗೊತ್ತಿರುವುದೇ. ಪಶ್ಚಿಮಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ತಮ್ಮ ಮೈಮೇಲೆಯೇ ಸುರಿಸಿಕೊಳ್ಳುತ್ತವೆ. ಪೂರ್ವಸಮುದ್ರದ ಮಳೆಯು ನಮ್ಮವರೆಗೆ ಬರುವಷ್ಟರಲ್ಲಿ ಬಡವಾಗಿರುತ್ತದೆ. ಹೀಗೆ ಎರಡು ಮಳೆಗಳ ನಡುವೆ ಸಿಕ್ಕಿಕೊಂಡ ನಾಡು ನಮ್ಮದು. ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸಿನ ಮಳೆಯು ಸರಾಸರಿ ಲೆಕ್ಕಕ್ಕೆ ಸಾಲದೆನಿಸದು. ಆದರೆ ಅದು ಬೀಳಬೇಕಾದಾಗ ಬೀಳದೆ, ಬೇಡವಾದಾಗ ಒಮ್ಮೆಗೇ ಬೀಳುವುದೇ ಕಷ್ಟ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮದಲ್ಲಿ ಮದರಾಸು ಪ್ರಾಂತದಲ್ಲಿ ಅತಿಯಾಗಿ ನೊಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಕರ್ನೂಲೂ ಸೇರಿದ್ದವು. ಆಗ ನಾವು ಬಳ್ಳಾರಿ ಜಿಲ್ಲೆಯಲ್ಲಿದ್ದೆವು. ನೀರು ಹೆಚ್ಚಾಗಿ ಕೆಟ್ಟ ವರ್ಷವೂ ಉಂಟು. ೨೦೦೯ರ ಅಕ್ಟೋಬರ್ ತಿಂಗಳ ಮೊದಲಲ್ಲಿ ತುಂಗಭದ್ರೆಯು ಉಕ್ಕಿ ಮಂತ್ರಾಲಯವನ್ನು ಮುಳುಗಿಸಿದುದನ್ನು ನಾವೆಲ್ಲರೂ ನೆನೆಯುತ್ತೇವೆ.

ತುಂಗಭದ್ರಾ ಅಣೆಕಟ್ಟಿನಿಂದ ೧೯೫೩ರ ಜುಲೈ ತಿಂಗಳಲ್ಲಿ ಮೊದಲು ನೀರು ಬಿಟ್ಟಾಗ ಈ ಪ್ರಾಂತದ ರೈತರು ಬಹಳ ಆಸೆಪಟ್ಟರು. ಬಲದಂಡೆಯ ಕೆಳಮಟ್ಟದ ಕಾಲುವೆಯು ಸುಮಾರು ೩೫೦ ಕಿಲೋಮೀಟರು ಉದ್ದವಾಗಿ ಬಳ್ಳಾರಿಯ ಕಡೆಯಿಂದ ಕರ್ನೂಲಿನ ಕಡೆಗೆ ಹರಿಯುವಂತೆ ಕಟ್ಟಲ್ಪಟ್ಟಿತು. ಅದರಲ್ಲಿ ಆಂಧ್ರದ ಪಾಲು ೨೪ ಟಿ.ಎಂ.ಸಿ. ಎಂದು ನಿಗದಿಯಾಯಿತು. ಆದರೆ ಕಾಲುವೆಯ ಬುಡದಲ್ಲಿರುವವನಿಗೆ ಸಿಕ್ಕುವಷ್ಟು ನೀರು ಕೊನೆಯಲ್ಲಿರುವವನಿಗೆ ಸಿಕ್ಕುವುದಿಲ್ಲ. ಅಲ್ಲದೆ, ೧೩೩ ಟಿ.ಎಂ.ಸಿ.ಯಷ್ಟು ನೀರು ಹಿಡಿಯಬೇಕಾದ ಜಲಾಶಯವು ಹೂಳು ತುಂಬಿ ೧೦೬ ಟಿ.ಎಂ.ಸಿ.ಯ ಸಮೀಪಕ್ಕೆ ಇಳಿದಿದೆ. ೨೦೨೪ರ ಆಗಸ್ಟ್ ೧೦ರ ರಾತ್ರಿ ಅಣೆಕಟ್ಟಿನ ೧೯ನೆಯ ತೂಬಿನ ಬಾಗಿಲು ಕೊಚ್ಚಿಹೋದಾಗ, ಆ ಕಾಲುವೆಯ ಕೊನೆಯಲ್ಲಿರುವ ರೈತರ ಎದೆಯೂ ನಡುಗಿತು. ಕಾಲುವೆಯ ನೀರು ಎಟುಕದ ಹೊಲಗಳೇ ನಮ್ಮಲ್ಲಿ ಬಹಳ. ಅವು ಇಂದಿಗೂ ಮುಗಿಲನ್ನೇ ನಂಬಿವೆ.

ಆದವಾನಿಯ ನೆರಳು

ಪಟ್ಟಣದ ಸಮೀಪದಲ್ಲಿರುವ ಹಳ್ಳಿಯು ಪಟ್ಟಣದ ನೆರಳಿನಲ್ಲಿ ಬಾಳುವುದು ಸಹಜ. ನಮಗೆ ಆ ಪಟ್ಟಣ ಆದವಾನಿ. ವಿಜಯನಗರದ ಅರಸರ ಕಾಲದಲ್ಲಿ ಅದು ಬಲವಾದ ದುರ್ಗವಾಗಿದ್ದಿತು. ೧೫೬೫ರ ಯುದ್ಧದಲ್ಲಿ ವಿಜಯನಗರವು ಸೋತ ತರುವಾಯ ಅದು ಬಿಜಾಪುರದ ಸುಲ್ತಾನರ ಕೈಸೇರಿತು. ಆಮೇಲೆ ಮೊಗಲರಿಗೆ, ನಿಜಾಮನ ಮನೆತನಕ್ಕೆ ಸೇರಿತು. ೧೭೮೬ರಲ್ಲಿ ಟಿಪ್ಪು ಸುಲ್ತಾನನು ಅದನ್ನು ಹಿಡಿದನು. ೧೮೦೦ರಲ್ಲಿ ನಿಜಾಮನು ಈ ಸೀಮೆಯನ್ನೆಲ್ಲ ಇಂಗ್ಲಿಷ್ ಕಂಪೆನಿಗೆ ಬಿಟ್ಟುಕೊಟ್ಟನು. ಆಗ ಇಲ್ಲಿಗೆ ಮೊದಲ ಮುಖ್ಯ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಮಧ್ಯವರ್ತಿಗಳಿಲ್ಲದೆ ರೈತನೊಡನೆಯೇ ಕಂದಾಯವನ್ನು ಗೊತ್ತುಮಾಡುವ ರೈತವಾರಿ ಪದ್ಧತಿಯೊಡನೆ ಅವನ ಹೆಸರು ಸೇರಿಹೋಗಿದೆ. ಮುಂದೆ ಮದರಾಸಿನ ಗವರ್ನರನಾಗಿದ್ದಾಗ ೧೮೨೭ರಲ್ಲಿ, ನಮ್ಮ ಜಿಲ್ಲೆಯ ಪತ್ತಿಕೊಂಡದಲ್ಲಿಯೇ ಕಾಲರಾ ಬೇನೆಯಿಂದ ಅವನು ತೀರಿಕೊಂಡನು.

ಕೋಟೆಯ ಆದವಾನಿಯು ಹೋಗಿ ಇಂದು ಉಳಿದಿರುವುದು ಹತ್ತಿಯ ಆದವಾನಿ. ವ್ಯಾಪಾರದ ಭರಾಟೆಯಿಂದ ಅದನ್ನು ಎರಡನೆಯ ಮುಂಬಯಿ ಎಂದು ಕರೆಯುವ ರೂಢಿಯೂ ಇದೆ. ನಮ್ಮ ಹೊಲದ ಹತ್ತಿಯು ಅಲ್ಲಿಗೆ ಹೋಗಿ ಏನಾಗುವುದೆಂಬುದನ್ನು ಮಕ್ಕಳು ತಿಳಿದಿರಬೇಕು. ರೈತನು ಬಿಡಿಸಿದ ಹತ್ತಿಯು ಮಾರುಕಟ್ಟೆಯ ಅಂಗಳದಲ್ಲಿ ರಾಶಿಯಾಗುತ್ತದೆ. ಕೊಳ್ಳುವವರು ಎಳೆಯ ಉದ್ದವನ್ನೂ ಬಣ್ಣವನ್ನೂ ತೇವವನ್ನೂ ನೋಡಿ ಬೆಲೆ ಕೂಗುತ್ತಾರೆ. ಅಲ್ಲಿಂದ ಅದು ಜಿನ್ನಿಂಗ್ ಕಾರಖಾನೆಗೆ ಹೋಗುತ್ತದೆ. ಅಲ್ಲಿ ಯಂತ್ರವು ಅರಳೆಯನ್ನೂ ಕಾಳನ್ನೂ ಬೇರೆಮಾಡುತ್ತದೆ. ಮೂರು ಪಾಲು ಹತ್ತಿಯಲ್ಲಿ ಅರಳೆಯು ಸುಮಾರು ಒಂದು ಪಾಲು ಮಾತ್ರ. ಉಳಿದ ಎರಡು ಪಾಲು ಬಹುಮಟ್ಟಿಗೆ ಕಾಳು. ಅರಳೆಯನ್ನು ಒತ್ತಿ, ೧೭೦ ಕಿಲೋಗ್ರಾಮಿನ ಆಸುಪಾಸಿನ ಮೂಟೆಗಳಾಗಿ ಕಟ್ಟಿ ನೂಲಿನ ಗಿರಣಿಗಳಿಗೆ ಕಳುಹಿಸುತ್ತಾರೆ. ಕಾಳನ್ನು ಗಾಣಕ್ಕೆ ಹಾಕಿ ಎಣ್ಣೆ ತೆಗೆಯುತ್ತಾರೆ. ಉಳಿದ ಹಿಂಡಿಯು ದನಗಳ ಮೇವಾಗಿ ಮತ್ತೆ ಹಳ್ಳಿಗೇ ಬರುತ್ತದೆ. ಹೀಗೆ, ಹತ್ತಿಯನ್ನು ಮಾರಿದ ರೈತನು ಅದರ ಹಿಂಡಿಯನ್ನು ದುಡ್ಡು ಕೊಟ್ಟು ಕೊಂಡುತರುತ್ತಾನೆ.

ಇದರಿಂದ ಒಂದು ಸಂಗತಿಯು ಸ್ಪಷ್ಟವಾಗುವುದು. ಬೆಳೆಯುವ ಕೆಲಸ ಹಳ್ಳಿಯದು, ಬೆಲೆ ಕಟ್ಟುವ ಕೆಲಸ ಪಟ್ಟಣದ್ದು. ತೂಕದ ಚೀಟಿಯನ್ನು ಓದಲಾರದ, ಕಡಿತದ ಲೆಕ್ಕವನ್ನು ಹಾಕಲಾರದ ರೈತನು ಬೇರೊಬ್ಬರು ಹೇಳಿದ ಮೊತ್ತವನ್ನು ಒಪ್ಪಿಕೊಂಡು ಬರಬೇಕಾಗುವುದು. ಅಕ್ಷರವು ನಮ್ಮ ಊರಿನಲ್ಲಿ ಅಲಂಕಾರದ ವಸ್ತುವಲ್ಲ. ಅದು ಹತ್ತಿಯ ಬೆಲೆಯ ಒಂದು ಭಾಗ.

ಗೆರೆ ಎಳೆದ ವರ್ಷ

೧೮೦೮ರಲ್ಲಿ ಬಳ್ಳಾರಿ ಜಿಲ್ಲೆಯು ಬೇರೆಯಾಗಿ ರೂಪುಗೊಂಡಾಗಿನಿಂದ ಆದವಾನಿ ತಾಲೂಕು ಅದರಲ್ಲಿಯೇ ಇದ್ದಿತು. ಭಾಷೆಗೆ ಅನುಸಾರವಾಗಿ ಪ್ರಾಂತಗಳನ್ನು ರಚಿಸಬೇಕೆಂಬ ಚಳವಳಿಯು ಸ್ವಾತಂತ್ರ್ಯಾನಂತರ ಬಲವಾಯಿತು. ೧೯೫೨ರ ಡಿಸೆಂಬರ್ ೧೫ರಂದು ಪೊಟ್ಟಿ ಶ್ರೀರಾಮುಲು ಅವರು ಉಪವಾಸದಿಂದ ಪ್ರಾಣಬಿಟ್ಟ ಮೇಲೆ ಆಂಧ್ರರಾಜ್ಯದ ರಚನೆಯು ನಿಶ್ಚಿತವಾಯಿತು. ೧೯೫೩ರ ಅಕ್ಟೋಬರ್ ೧ರಂದು ಕರ್ನೂಲನ್ನು ರಾಜಧಾನಿಯಾಗುಳ್ಳ ಆ ರಾಜ್ಯವು ಹುಟ್ಟಿತು. ಅಂದು ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ಈ ಮೂರು ತಾಲೂಕುಗಳು ಆಂಧ್ರಕ್ಕೆ ಸೇರಿದವು. ಉಳಿದ ಭಾಗವು ಮೈಸೂರು ರಾಜ್ಯಕ್ಕೆ ಹೋಯಿತು. ಆದವಾನಿ ಆಲೂರುಗಳು ಕರ್ನೂಲು ಜಿಲ್ಲೆಗೂ ರಾಯದುರ್ಗವು ಅನಂತಪುರಕ್ಕೂ ಕೂಡಿಕೊಂಡವು. ಬಳ್ಳಾರಿ ಪಟ್ಟಣಕ್ಕಾಗಿ ದೊಡ್ಡ ವಿವಾದವೇ ನಡೆಯಿತು. ನ್ಯಾಯಮೂರ್ತಿ ಮಿಶ್ರಾ ಅವರ ವರದಿಯ ಬಳಿಕ ಅದು ಮೈಸೂರಿನ ಪಾಲಾಯಿತು.

ತಾಲೂಕನ್ನು ಒಂದು ಘಟಕವಾಗಿ ಹಿಡಿದು, ಅದರಲ್ಲಿ ಹೆಚ್ಚು ಜನರ ಭಾಷೆ ಯಾವುದೆಂದು ನೋಡಿ ಗೆರೆ ಎಳೆಯುವಾಗ, ಆ ತಾಲೂಕಿನ ಒಳಗೆ ಬೇರೆ ಭಾಷೆಯ ಊರುಗಳು ಉಳಿದುಕೊಳ್ಳುವುದು ಅನಿವಾರ್ಯ. ಗೆರೆಯ ಆಚೆಗೆ ತೆಲುಗರೂ ಈಚೆಗೆ ಕನ್ನಡಿಗರೂ ಹೀಗೆ ಉಳಿದರು. ಕಾಸರಗೋಡಿನ, ಅಕ್ಕಲಕೋಟೆಯ, ತಾಳವಾಡಿಯ ಕನ್ನಡಿಗರ ಕಥೆಯೂ ಇದೇ. ಇದರಲ್ಲಿ ಯಾರನ್ನೂ ದೂರಿ ಫಲವಿಲ್ಲ. ಗೆರೆ ಎಳೆದು ಎಪ್ಪತ್ತು ವರ್ಷಗಳು ಕಳೆದಿವೆ. ಆಂಧ್ರವು ನಮ್ಮ ರಾಜ್ಯ, ಕನ್ನಡವು ನಮ್ಮ ತಾಯ್ನುಡಿ. ಈ ಎರಡು ಮಾತುಗಳಲ್ಲಿ ಒಂದಕ್ಕೊಂದು ವಿರೋಧವಿಲ್ಲ.

ಎರಡು ನುಡಿಗಳ ನೆಲ

ನಮ್ಮ ಸೀಮೆಯ ಊರುಗಳ ಹೆಸರುಗಳನ್ನು ಕೇಳಿದರೆ ಈ ನೆಲದ ಪೂರ್ವಕಥೆಯು ಅರ್ಥವಾಗುತ್ತದೆ. ಅಗಸನೂರು, ದೊಡ್ಡಿಬೆಳಗಲ್ಲು, ವಂದಗಲ್ಲು ಇವೆಲ್ಲವೂ ಕೋಸಗಿಯ ಸುತ್ತಲಿನ ಹಳ್ಳಿಗಳು. ಊರು, ಕಲ್ಲು, ದೊಡ್ಡಿ ಇವುಗಳ ಅರ್ಥವನ್ನು ಕನ್ನಡಿಗನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಚೇರಿಯ ಕಾಗದದಲ್ಲಿ ಪೆದ್ದಹರಿವಾಣಂ ಎಂದಿರುವುದು ಮನೆಮಾತಿನಲ್ಲಿ ಹಿರೇಹರಿವಾಣ. ಪೆದ್ದ ಎಂದರೂ ಹಿರೇ ಎಂದರೂ ದೊಡ್ಡದು ಎಂದೇ ಅರ್ಥ. ಒಂದೇ ಊರು ಎರಡು ಅಂಗಿಗಳನ್ನು ತೊಟ್ಟಿದೆ ಅಷ್ಟೆ. ಆದವಾನಿಯ ಬಳಿಯ ಪೆದ್ದತುಂಬಳದಲ್ಲಿ ಚಾಲುಕ್ಯರ ಕಾಲದ ದೇಗುಲಗಳೂ ಜೈನರ ಅವಶೇಷಗಳೂ ಇವೆ. ಇನ್ನು ಚಿಪ್ಪಗಿರಿಯು ದಾಸಸಾಹಿತ್ಯವನ್ನು ಓದಿದವರಿಗೆ ಪರಿಚಿತವಾದ ಊರು. ವಿಜಯದಾಸರು ೧೭೫೫ರಲ್ಲಿ ದೇಹಬಿಟ್ಟುದು ಅಲ್ಲಿಯೇ. ಹಬ್ಬಗಳಲ್ಲಿಯೂ ಎರಡು ನಾಡುಗಳ ಬೆಸುಗೆಯನ್ನು ಕಾಣಬಹುದು. ಆದವಾನಿ ಮಂಡಲದ ಸಂತೆಕೂಡ್ಲೂರಿನಲ್ಲಿ ಹೋಳಿಯ ಸಮಯದಲ್ಲಿ ಗಂಡಸರು ಸೀರೆಯುಟ್ಟು ರತಿಮನ್ಮಥರನ್ನು ಪೂಜಿಸುತ್ತಾರೆ. ಉರುಕುಂದದ ಈರಣ್ಣಸ್ವಾಮಿಯ ಸನ್ನಿಧಿಗೆ ಶ್ರಾವಣಮಾಸದಲ್ಲಿ ಕರ್ನಾಟಕದ ಭಕ್ತರೂ ಆಂಧ್ರದ ಭಕ್ತರೂ ಒಟ್ಟಾಗಿ ನೆರೆಯುತ್ತಾರೆ. ದೇವರ ಮುಂದೆ ಯಾರೂ ಯಾವ ರಾಜ್ಯದವರೆಂದು ಕೇಳುವುದಿಲ್ಲ.

ಕನ್ನಡ ತೆಲುಗುಗಳೆರಡೂ ಒಂದೇ ಹಳೆಯ ಲಿಪಿಯಿಂದ ಕವಲೊಡೆದ ಅಕ್ಷರಗಳನ್ನು ಬರೆಯುತ್ತವೆ. ಕನ್ನಡ ಅಕ್ಷರಮಾಲೆಯನ್ನು ಚೆನ್ನಾಗಿ ಕಲಿತ ಮಗುವು, ತಲೆಕಟ್ಟಿನ ಆಕಾರ ಬದಲಾಗುವುದನ್ನೂ ಕೆಲವು ಅಕ್ಷರಗಳ ಭೇದವನ್ನೂ ಗಮನಿಸಿದರೆ, ತೆಲುಗನ್ನು ಬಹುಬೇಗ ಓದತೊಡಗುವುದು. ಮಾತುಗಳಲ್ಲಿಯೂ ಈ ನೆಂಟಸ್ತಿಕೆ ಇದೆ. ನಮ್ಮ ಹಾಲು ಅವರ ಪಾಲು. ನಮ್ಮ ಹುಲಿ ಅವರ ಪುಲಿ. ನಮ್ಮ ಹಂದಿ ಅವರ ಪಂದಿ. ನಮ್ಮ ಹೂವು ಅವರ ಪುವ್ವು. ಹಳಗನ್ನಡದಲ್ಲಿ ನಾವೂ ಪಾಲ್, ಪುಲಿ, ಪಂದಿ, ಪೂ ಎಂದೇ ಹೇಳುತ್ತಿದ್ದೆವು. ಕಾಲಕ್ರಮದಲ್ಲಿ ಕನ್ನಡದ ಪಕಾರವು ಹಕಾರವಾಯಿತು. ತೆಲುಗಿನಲ್ಲಿ ಅದು ಹಾಗೆಯೇ ನಿಂತಿತು. ಆದುದರಿಂದ ಗಡಿನಾಡಿನ ಮಗುವು ಪಕ್ಕದ ಮನೆಯ ತೆಲುಗು ಮಾತಿನಲ್ಲಿ ತನ್ನದೇ ನುಡಿಯ ಮುತ್ತಜ್ಜಿಯ ದನಿಯನ್ನು ಕೇಳಬಹುದು. ಈ ಲಾಭವು ಬೆಂಗಳೂರಿನ ಮಗುವಿಗಿಲ್ಲ.

ಆದರೆ ಲಾಭವು ಲಾಭವಾಗಬೇಕಾದರೆ ಕ್ರಮವು ಸರಿಯಾಗಿರಬೇಕು. ಮನೆಯ ಮಾತಿನಲ್ಲಿ ಮೊದಲು ಓದುಬರಹ ಕಲಿತು, ಅದರ ಆಧಾರದ ಮೇಲೆ ರಾಜ್ಯದ ಭಾಷೆಯನ್ನೂ ಬಳಿಕ ಇಂಗ್ಲಿಷನ್ನೂ ಕಲಿಯುವುದು ಸುಲಭ. ಮೊದಲ ದಿನವೇ ಅರ್ಥವಾಗದ ಮಾತಿನಲ್ಲಿ ಪಾಠ ಕೇಳುವ ಮಗುವು, ತಾನು ದಡ್ಡನೆಂದು ತಿಳಿದುಕೊಳ್ಳುವುದು. ವಾಸ್ತವವಾಗಿ ಅದಕ್ಕೆ ತಿಳಿಯದಿರುವುದು ಭಾಷೆಯೇ ಹೊರತು ವಿಷಯವಲ್ಲ. ೧೯೫೬ರಲ್ಲಿ ಸಂವಿಧಾನಕ್ಕೆ ಸೇರಿಸಿದ ೩೫೦ಎ ವಿಧಿಯು, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸಲು ತಕ್ಕ ಅನುಕೂಲಗಳನ್ನು ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಹೇಳುತ್ತದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದೆಡೆಯಲ್ಲಿ ಕನಿಷ್ಠಪಕ್ಷ ಐದನೆಯ ತರಗತಿಯವರೆಗೆ ಮನೆಮಾತಿನಲ್ಲಿ ಕಲಿಸುವುದನ್ನೇ ಮೆಚ್ಚಿದೆ. ನಮ್ಮ ಕನ್ನಡ ಶಾಲೆಗಳು ಯಾರೋ ಕನಿಕರದಿಂದ ಕೊಟ್ಟ ಭಿಕ್ಷೆಯಲ್ಲ. ಅವು ದೇಶದ ಕಾನೂನಿನ ಬೆಂಬಲವುಳ್ಳವು ಎಂಬುದನ್ನು ತಂದೆತಾಯಿಗಳು ಅರಿಯಬೇಕು.

ಗುಳೆ

ಇಲ್ಲಿಯವರೆಗೆ ಹೇಳಿದುದೆಲ್ಲವೂ ಪೀಠಿಕೆ. ಊರಿನ ನಿಜವಾದ ನೋವು ಗುಳೆ ಎಂಬ ಎರಡಕ್ಷರದ ಮಾತಿನಲ್ಲಿದೆ.

ಸಂಕ್ರಾಂತಿಯ ಆಸುಪಾಸಿನಲ್ಲಿ ನಮ್ಮ ಹೊಲಗಳ ಕೆಲಸವು ಮುಗಿಯುತ್ತ ಬರುತ್ತದೆ. ಅದೇ ಕಾಲಕ್ಕೆ ಗುಂಟೂರಿನ ಕಡೆಯಲ್ಲಿ ಮೆಣಸಿನಕಾಯಿಯು ಹಣ್ಣಾಗತೊಡಗುತ್ತದೆ. ಗಿಡದ ಕಾಯಿಗಳೆಲ್ಲ ಒಂದೇ ದಿನ ಹಣ್ಣಾಗುವುದಿಲ್ಲ. ಒಂದೊಂದು ಹೊಲವನ್ನೂ ಎರಡು ಮೂರು ಸಲ ಬಿಡಿಸಬೇಕು. ಹಣ್ಣಾದುದನ್ನು ಮಾತ್ರ ಆರಿಸಿ ಕೈಯಿಂದಲೇ ಕೀಳಬೇಕು. ತಡವಾದರೆ ಬಣ್ಣ ಕೆಡುವುದು, ಬೆಲೆ ಇಳಿಯುವುದು. ಆದುದರಿಂದ ಕೆಲವೇ ವಾರಗಳಲ್ಲಿ ಅಲ್ಲಿಗೆ ಲಕ್ಷಗಟ್ಟಲೆ ಕೈಗಳು ಬೇಕಾಗುತ್ತವೆ. ಆ ಕೈಗಳು ಹೋಗುವುದು ನಮ್ಮಂತಹ ಒಣಸೀಮೆಯ ಹಳ್ಳಿಗಳಿಂದ. ಕೋಸಗಿ, ಕೌತಾಳಂ, ಪೆದ್ದಕಡುಬೂರು, ಮಂತ್ರಾಲಯಂ ಮಂಡಲಗಳಿಂದ ಸಂಸಾರಗಳು ಪಾತ್ರೆಪಗಡ, ಹಾಸಿಗೆ, ಜೋಳದ ಹಿಟ್ಟು ಕಟ್ಟಿಕೊಂಡು ಹೊರಡುತ್ತವೆ. ಕೆಲವರು ಬೆಂಗಳೂರು ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ಹೋಗುವುದೂ ಉಂಟು. ಬೀದಿಗೆ ಬೀದಿಯೇ ಬಾಗಿಲಿಗೆ ಬೀಗ ಹಾಕಿಕೊಂಡಿರುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ಮನೆಯಲ್ಲಿ ಉಳಿಯುವವರು ನಡೆಯಲಾರದ ಮುದುಕರು, ಅವರ ಮಡಿಲಲ್ಲಿ ಒಂದೆರಡು ಕೂಸುಗಳು.

ಗುಳೆ ಹೋಗುವವರನ್ನು ಸೋಮಾರಿಗಳೆಂದೋ ದುರಾಸೆಯವರೆಂದೋ ಹೇಳುವುದು ಅನ್ಯಾಯ. ಒಂದೇ ಬೆಳೆಯ ಹೊಲ, ಬೀಜಗೊಬ್ಬರಕ್ಕೆ ಮಾಡಿದ ಸಾಲ, ಮಗಳ ಮದುವೆಯ ಖರ್ಚು ಇವುಗಳನ್ನು ಹೊತ್ತ ಸಂಸಾರಕ್ಕೆ ಮೂರು ತಿಂಗಳ ಕೂಲಿಯು ವರ್ಷದ ಆಧಾರ. ೨೦೦೬ರಲ್ಲಿ ನೆರೆಯ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆಯು ಆರಂಭವಾದಾಗ, ವರ್ಷಕ್ಕೆ ನೂರು ದಿನಗಳ ಕೆಲಸವು ಈ ಗುಳೆಯನ್ನು ನಿಲ್ಲಿಸುವುದೆಂದು ಅನೇಕರು ನಂಬಿದರು. ಅದರಿಂದ ಸಹಾಯವಾದುದು ನಿಜ, ಆದರೆ ಮೆಣಸಿನ ಹೊಲದಲ್ಲಿ ಗಂಡಹೆಂಡಿರಿಬ್ಬರೂ ದುಡಿದು ಕೂಡಿಸಿ ತರುವ ಹಣಕ್ಕೆ ಅದು ಸಮನಾಗಲಿಲ್ಲ, ಗುಳೆಯೂ ನಿಲ್ಲಲಿಲ್ಲ.

ತಾಯಿತಂದೆಯರೊಡನೆ ಮಕ್ಕಳೂ ಹೋಗುತ್ತಾರೆ. ಮನೆಯಲ್ಲಿ ಅಡುಗೆ ಮಾಡಿ ಬಡಿಸುವವರಿಲ್ಲದ ಮೇಲೆ ಅವರನ್ನು ಬಿಟ್ಟುಹೋಗುವುದು ಹೇಗೆ? ಹತ್ತು ವರ್ಷದ ಹುಡುಗಿಯು ಗುಡಾರದಲ್ಲಿ ತಮ್ಮನನ್ನು ಆಡಿಸುತ್ತ ಕುಳಿತಿರುತ್ತಾಳೆ. ಹನ್ನೆರಡು ವರ್ಷದವನು ತಾನೂ ಚೀಲ ಹಿಡಿದು ಸಾಲಿಗೆ ಇಳಿಯುತ್ತಾನೆ. ಇತ್ತ ಶಾಲೆಯ ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ದಿನವೂ ಗೈರುಹಾಜರಿಯ ಗುರುತು ಬೀಳುತ್ತಿರುತ್ತದೆ.

ಇದರ ಲೆಕ್ಕವನ್ನು ನಾವು ಒಮ್ಮೆ ಹಾಕಿ ನೋಡೋಣ. ಶಾಲೆಯು ಜೂನಿನಿಂದ ಏಪ್ರಿಲಿನವರೆಗೆ ಸುಮಾರು ಹತ್ತು ತಿಂಗಳು ನಡೆಯುವುದು. ಮಗುವು ಪ್ರತಿವರ್ಷವೂ ಎರಡೂವರೆ ತಿಂಗಳು ಗೈರುಹಾಜರಾದರೆ, ಐದನೆಯ ತರಗತಿಯನ್ನು ಮುಗಿಸುವಷ್ಟರಲ್ಲಿ ಹನ್ನೆರಡೂವರೆ ತಿಂಗಳು ಕಳೆದುಕೊಂಡಿರುತ್ತದೆ. ಎಂದರೆ ಐದು ವರ್ಷಗಳ ಓದಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಕಾಲವು ಅದರ ಕೈಗೆ ಬಂದೇ ಇಲ್ಲ. ಕಳೆದುಹೋಗುವುದು ವರ್ಷದ ಕೊನೆಯ ತಿಂಗಳುಗಳು. ಗಣಿತದಲ್ಲಿ ಕಠಿಣವಾದ ಪಾಠಗಳು ನಡೆಯುವ, ಪರೀಕ್ಷೆಗೆ ಓದಿಸುವ ತಿಂಗಳುಗಳು. ಹತ್ತನೆಯ ತರಗತಿಯ ಸರಕಾರಿ ಪರೀಕ್ಷೆಯೂ ಇದೇ ಕಾಲಕ್ಕೆ ಬರುತ್ತದೆ. ೨೦೧೧ರ ಜನಗಣತಿಯಲ್ಲಿ ದೇಶದ ಸಾಕ್ಷರತೆಯು ನೂರಕ್ಕೆ ೭೩ರಷ್ಟಿದ್ದಾಗ ಕರ್ನೂಲು ಜಿಲ್ಲೆಯದು ೬೦ರಷ್ಟು. ನಮ್ಮ ಪಶ್ಚಿಮದ ಮಂಡಲಗಳು ಅದಕ್ಕಿಂತಲೂ ಬಹಳ ಕೆಳಗಿದ್ದವು, ಹೆಣ್ಣುಮಕ್ಕಳ ಲೆಕ್ಕವಂತೂ ಇನ್ನೂ ಕೆಳಗೆ. ನಮ್ಮ ಮಕ್ಕಳ ಬುದ್ಧಿಯಲ್ಲಿ ಕೊರತೆಯಿದೆಯೆಂದು ಇದರ ಅರ್ಥವಲ್ಲ. ಬೆಂಚಿನ ಮೇಲೆ ಕುಳಿತ ದಿನಗಳಲ್ಲಿ ಕೊರತೆಯಿದೆ.

ಕನ್ನಡ ಶಾಲೆ ಮತ್ತು ನಮ್ಮ ಕರ್ತವ್ಯ

ಗುಳೆಯ ಕಷ್ಟವು ತೆಲುಗು ಶಾಲೆಗೂ ಕನ್ನಡ ಶಾಲೆಗೂ ಸಮಾನ. ಆದರೆ ಕನ್ನಡ ಶಾಲೆಗೆ ಅದರ ಪೆಟ್ಟು ಎರಡು ಪಟ್ಟು ಬೀಳುವುದು. ತೆಲುಗು ಮಾಧ್ಯಮದ ಹುಡುಗನು ಗುಂಟೂರಿಗೆ ಹೋದಾಗ, ಅಲ್ಲಿಯ ಶಾ‌ಲೆಯಲ್ಲಿ ನಾಲ್ಕು ದಿನವಾದರೂ ಕುಳಿತುಕೊಳ್ಳಬಹುದು; ಕನ್ನಡದ ಹುಡುಗನಿಗೆ ಅಲ್ಲಿ ತನ್ನ ಪುಸ್ತಕವನ್ನು ಓದಿಸುವವರಿಲ್ಲ. ಅಲ್ಲದೆ, ಹಾಜರಿಯು ಕುಗ್ಗಿದ ಶಾಲೆಯನ್ನು ನೋಡಿದವರು, ಕನ್ನಡ ಶಾಲೆಗೆ ಮಕ್ಕಳೇ ಇಲ್ಲವೆಂದು ಭಾವಿಸುವುದುಂಟು. ಮಕ್ಕಳಿದ್ದಾರೆ, ಅವರು ಮೆಣಸಿನ ಹೊಲದಲ್ಲಿದ್ದಾರೆ.

ಕನ್ನಡದಲ್ಲಿ ಓದಿದರೆ ಮುಂದೇನು ಎಂದು ತಂದೆತಾಯಿಗಳು ಕೇಳುವುದು ಸಹಜ. ಅದಕ್ಕೆ ಉತ್ತರವಿದೆ. ಆಂಧ್ರಪ್ರದೇಶದಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಕನ್ನಡ ಮಾಧ್ಯಮದಲ್ಲಿ ಬರೆಯಬಹುದು. ಶಾಲೆಯಲ್ಲಿ ತೆಲುಗನ್ನೂ ಕಲಿಯುವುದರಿಂದ ಈ ರಾಜ್ಯದಲ್ಲಿ ಮುಂದುವರಿಯುವ ಬಾಗಿಲು ಮುಚ್ಚುವುದಿಲ್ಲ. ಇತ್ತ ಕರ್ನಾಟಕದ ವೃತ್ತಿಶಿಕ್ಷಣದ ಪ್ರವೇಶ ನಿಯಮಗಳಲ್ಲಿ ಗಡಿನಾಡ ಕನ್ನಡಿಗರಿಗೆ ಅವಕಾಶವಿದ್ದು, ಆದವಾನಿ, ಆಲೂರು, ರಾಯದುರ್ಗ, ಮಡಕಶಿರಾ ತಾಲೂಕುಗಳ ಹೆಸರುಗಳು ಅವುಗಳಲ್ಲಿ ಸೇರಿವೆ. ಅಂತಹ ವಿದ್ಯಾರ್ಥಿಯು ಕನ್ನಡ ಬಲ್ಲವನೆಂದು ಪರೀಕ್ಷೆಯಲ್ಲಿ ತೋರಿಸಬೇಕು. ಕನ್ನಡದ ಓದನ್ನು ಅರ್ಧಕ್ಕೆ ಬಿಟ್ಟವನಿಗೆ ಈ ಬಾಗಿಲು ತೆರೆಯುವುದಿಲ್ಲ. ಎರಡೂ ಭಾಷೆಗಳನ್ನು ಬಲ್ಲವನಿಗೆ ಎರಡು ರಾಜ್ಯಗಳಲ್ಲಿ ದಾರಿ. ಎರಡನ್ನೂ ಅರೆಬರೆ ಕಲಿತವನಿಗೆ ಎಲ್ಲಿಯೂ ಇಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ಮಳೆಯನ್ನು ತರಿಸುವುದು ನಮ್ಮ ಕೈಯಲ್ಲಿಲ್ಲ; ಗುಳೆಯನ್ನು ಒಂದೇ ದಿನದಲ್ಲಿ ನಿಲ್ಲಿಸುವುದೂ ಸಾಧ್ಯವಿಲ್ಲ. ಆದರೆ ದೊಡ್ಡವರು ಗುಳೆ ಹೋದಾಗ ಮಕ್ಕಳು ಊರಿನಲ್ಲಿ ಉಳಿಯುವಂತೆ ಮಾಡುವುದು ಸಾಧ್ಯ. ವಲಸೆ ಹೋಗುವವರ ಮಕ್ಕಳಿಗಾಗಿ ಆ ಕೆಲವು ತಿಂಗಳ ಮಟ್ಟಿಗೆ ಶಾಲೆಗಳಲ್ಲಿಯೇ ಊಟ ವಸತಿಗಳನ್ನು ಏರ್ಪಡಿಸುವ ಋತುಮಾನದ ವಸತಿಶಾಲೆಗಳು ಈ ಜಿಲ್ಲೆಯಲ್ಲಿ ನಡೆದಿವೆ. ಅವು ಗುಳೆ ಹೊರಡುವ ಮೊದಲೇ ತೆರೆದರೆ ಪ್ರಯೋಜನ. ಬಂಡಿ ಹೋದ ಮೇಲೆ ತೆರೆದರೆ ಇಲ್ಲ. ಸಂಕ್ರಾಂತಿಗೆ ಮುಂಚೆಯೇ ಮನೆಮನೆಗೆ ಹೋಗಿ, ಯಾವ ಸಂಸಾರ ಹೊರಡಲಿದೆ, ಯಾವ ಮಗುವನ್ನು ಅಜ್ಜಿಯ ಬಳಿ ಬಿಡಬಹುದು, ಯಾವ ಮಗುವಿಗೆ ಊಟದ ಏರ್ಪಾಡು ಬೇಕು ಎಂದು ಪಟ್ಟಿ ಮಾಡುವ ಕೆಲಸಕ್ಕೆ ಹಣ ಬೇಕಾಗಿಲ್ಲ, ಕಾಲುಗಳು ಬೇಕು. ಉಳಿದ ಮಗುವಿಗೆ ರಾತ್ರಿ ಒಂದು ಊಟ, ಒಂದು ದೀಪ, ಪಾಠ ಹೇಳುವ ಒಬ್ಬ ಹಿರಿಯ ವಿದ್ಯಾರ್ಥಿ ಇಷ್ಟಿದ್ದರೆ ಸಾಕು, ವರ್ಷದ ಎರಡೂವರೆ ತಿಂಗಳು ಉಳಿಯುತ್ತದೆ. ಊರಿನ ಉಳ್ಳವರೂ, ಓದಿ ಹೊರಗೆ ನೌಕರಿಯಲ್ಲಿರುವವರೂ ಒಬ್ಬೊಬ್ಬ ಮಗುವಿನ ಎರಡೂವರೆ ತಿಂಗಳ ಹೊಣೆಯನ್ನು ಹೊತ್ತರೆ ಅದಕ್ಕಿಂತ ದೊಡ್ಡ ದಾನವು ಬೇರೊಂದಿಲ್ಲವೆಂದು ನಾವು ತಿಳಿಯುತ್ತೇವೆ.

ಇನ್ನೊಂದು ಸಣ್ಣ ಕೆಲಸವನ್ನು ನಮ್ಮ ವಿದ್ಯಾರ್ಥಿಗಳಿಗೇ ಒಪ್ಪಿಸುತ್ತೇವೆ. ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ನಿಮ್ಮ ಹಳ್ಳಿಯ ಹೆಸರು ಹೇಗೆ ಬಂದಿತು, ಹೊಲಗಳಿಗೆ ಏನೇನು ಹೆಸರುಗಳಿವೆ, ಬರ ಬಿದ್ದ ವರ್ಷ ಜನರು ಏನು ತಿಂದು ಬದುಕಿದರು ಎಂಬುದನ್ನು ಒಂದು ಪುಟದಲ್ಲಿ ಬರೆದಿಡಿ. ಅಕ್ಕತಂಗಿಯರ ಕಲ್ಲು ಇನ್ನೂ ಬಹುಕಾಲ ನಿಲ್ಲುವುದು. ಅಜ್ಜಿಯ ನೆನಪು ಅಷ್ಟುಕಾಲ ನಿಲ್ಲದು.

ಕೋಸಗಿಯು ದೊಡ್ಡ ಊರಲ್ಲ. ನಕಾಶೆಯಲ್ಲಿ ಅದನ್ನು ಹುಡುಕಬೇಕಾದರೆ ರೈಲುಹಾದಿಯ ಗೆರೆಯ ಮೇಲೆ ಬೆರಳಿಟ್ಟು ಹೋಗಬೇಕು. ಆದರೆ ಈ ಹಾದಿಯಲ್ಲಿ ಮುಂಬಯಿಗೂ ಮದರಾಸಿಗೂ ಹೋಗುವ ಗಾಡಿಗಳನ್ನು ಒಂದೂವರೆ ಶತಮಾನದಿಂದ ನೋಡುತ್ತ ನಿಂತಿರುವ ಊರಿನ ಮಕ್ಕಳು, ಒಂದು ದಿನ ಗುಳೆಯ ಗಂಟನ್ನಲ್ಲ, ಪುಸ್ತಕದ ಚೀಲವನ್ನು ಹೊತ್ತು ಆ ಗಾಡಿಯನ್ನು ಹತ್ತುವಂತಾಗಲಿ. ಅದಕ್ಕಾಗಿ ಮುಂದಿನ ಸಂಕ್ರಾಂತಿಯ ಹೊತ್ತಿಗೆ ನಮ್ಮ ಪಟ್ಟಿಯು ಸಿದ್ಧವಾಗಿರಲಿ.